ಅಗಲ ಟೈರಿನ ಆಸೆ, ಮಡ್‌ಗಾರ್ಡಿನ ಮಿತಿ

(ನಮ್ಮ ಕನ್ನಡ ಕಾರ್ಯಕ್ರಮದಲ್ಲಿ ಪ್ರಸಾರವಾದ ಭಾಷಣದ ಲಿಖಿತ ರೂಪ. ಲೆಕ್ಕಗಳನ್ನು ಬರೆದುಕೊಳ್ಳಲು ಆಗಲಿಲ್ಲ ಎಂದವರಿಗಾಗಿ ಇಲ್ಲಿ ಕೊಟ್ಟಿದ್ದೇವೆ.)



2023ರ ಫೆಬ್ರವರಿ 11, ಶನಿವಾರ. ನಮ್ಮ ಹುಸೇನ್ ಸಾಗರದ ದಡದಲ್ಲಿ ಫಾರ್ಮುಲಾ ಇ ಕಾರುಗಳು ಓಡಿದ್ದು ನಿಮ್ಮಲ್ಲಿ ಅನೇಕರಿಗೆ ನೆನಪಿರಬಹುದು. ವಿದ್ಯುತ್ ಕಾರುಗಳ ಆ ವಿಶ್ವ ಚಾಂಪಿಯನ್‌ಷಿಪ್ ಭಾರತಕ್ಕೆ ಬಂದದ್ದು ಅದೇ ಮೊದಲು. ಫ್ರಾನ್ಸಿನ ಜಾನ್ ಎರಿಕ್ ವೆರ್ನ್ ಗೆದ್ದರು. ಮರುವರ್ಷ ನಡೆಯಬೇಕಿದ್ದ ಓಟ ರದ್ದಾಯಿತು, ಅದು ಬೇರೆ ಮಾತು. ಅಂದು ನೋಡಿದವರು ಒಂದು ಸಂಗತಿಯನ್ನು ಗಮನಿಸಿರಬೇಕು. ಆ ಕಾರುಗಳ 18 ಇಂಚಿನ ಚಕ್ರಗಳು ಬಾಡಿಯ ಹೊರಗೆ ಇದ್ದವು. ಚಕ್ರದ ಮೇಲೆ ನಾವು ನೋಡುವಂಥ ಮಡ್‌ಗಾರ್ಡ್ ಇರಲಿಲ್ಲ.

ನಾವು ನೀವು ಓಡಿಸುವ ಕಾರು ಹಾಗಲ್ಲ. ನಮ್ಮ ಚಕ್ರ ಒಂದು ಗೂಡಿನೊಳಗೆ ಇದೆ. ಮೇಲೆ ಮಡ್‌ಗಾರ್ಡಿನ ಅಂಚು, ಒಳಗೆ ಶಾಕ್ ಅಬ್ಸಾರ್ಬರು, ಹಿಂದೆ ಮುಂದೆ ಪ್ಲಾಸ್ಟಿಕ್ಕಿನ ಲೈನರು. ಅಷ್ಟರೊಳಗೆ ಚಕ್ರ ಉರುಳಬೇಕು, ಮೇಲೆ ಕೆಳಗೆ ಆಡಬೇಕು, ಎಡಕ್ಕೆ ಬಲಕ್ಕೆ ತಿರುಗಬೇಕು. ಓಟದ ಕಾರಿನ ಅಗಲ ಟೈರು ನೋಡಿ ನಮ್ಮ ಕಾರಿಗೂ ಅಂಥದೇ ಇರಲಿ ಅನ್ನಿಸುವುದು ಸಹಜ. ಆಸೆ ತಪ್ಪಲ್ಲ. ಆದರೆ ಗೂಡನ್ನು ಅಳೆಯದೆ ಚಕ್ರ ಕೊಂಡರೆ ಟೈರು ಎಲ್ಲೋ ಒಂದು ಕಡೆ ಉಜ್ಜುತ್ತದೆ. ಹಾಗೆ ಉಜ್ಜದಂತೆ ಟೈರಿನ ಅಳತೆ ಆರಿಸುವುದು ಹೇಗೆ ಎಂಬುದೇ ಇಂದಿನ ಮಾತು.

ಕನ್ನಡ ಕಾರ್ಯಕ್ರಮದಲ್ಲಿ ಟೈರಿನ ಸುದ್ದಿ ಯಾಕೆ ಎಂದು ಹುಬ್ಬೇರಿಸಬೇಡಿ. ಕುಕಟ್‌ಪಲ್ಲಿಯ ಕೇಳುಗರೊಬ್ಬರು ಪತ್ರ ಬರೆದಿದ್ದಾರೆ. ಅವರ ಮಗ ಸೆಕೆಂಡ್ ಹ್ಯಾಂಡ್ ಸ್ಕೋಡಾ ಆಕ್ಟೇವಿಯಾ ಆರ್‌ಎಸ್ ಕಾರು ಕೊಂಡಿದ್ದಾನೆ. 2017ರಲ್ಲಿ ನಮ್ಮ ದೇಶಕ್ಕೆ ಬಂದ, 230 ಅಶ್ವಶಕ್ತಿಯ ಕಾರು ಅದು. ಸ್ಪೋರ್ಟ್ಸ್ ಕಾರು ಅಂದರೆ ಎರಡೇ ಬಾಗಿಲು ಇರಬೇಕು ಎನ್ನುವವರು ಇದನ್ನು ಒಪ್ಪಲಿಕ್ಕಿಲ್ಲ. ಓಡಿಸಿದವರು ಒಪ್ಪುತ್ತಾರೆ. ಹಿಂದಿನ ಮಾಲೀಕರು ಕಂಪನಿಯ ಚಕ್ರ ತೆಗೆಸಿ 19 ಇಂಚಿನ ಅಲಾಯ್ ಹಾಕಿಸಿದ್ದರಂತೆ. ಹುಡುಗ ಒಬ್ಬನೇ ಆಫೀಸಿಗೆ ಹೋಗಿ ಬರುವಾಗ ಏನೂ ತೊಂದರೆಯಿಲ್ಲ. ಹಬ್ಬಕ್ಕೆಂದು ಮನೆಮಂದಿಯೆಲ್ಲ ಕೂತು, ಡಿಕ್ಕಿ ತುಂಬಿಸಿಕೊಂಡು ಬೀದರಿಗೆ ಹೊರಟರೆ, ಪ್ರತಿಯೊಂದು ಹಂಪ್ ಇಳಿಯುವಾಗಲೂ ಹಿಂದಿನಿಂದ ಕರ್ರೆಂಬ ಸದ್ದು. ‘ಏನೂ ಆಗಲ್ಲಪ್ಪ ಅಂತಾನೆ ಮಗ. ಮಡ್‌ಗಾರ್ಡ್ ಸ್ವಲ್ಪ ಬಗ್ಗಿಸಿದರೆ ಸರಿಹೋಗುತ್ತೆ ಅಂತಾನೆ ಮೆಕ್ಯಾನಿಕ್. ಯಾರ ಮಾತು ಕೇಳಲಿ?’ ಎಂಬುದು ಅವರ ಪ್ರಶ್ನೆ.

ನನ್ನ ಓದು ಕನ್ನಡ ಬಿ.ಎ. ಆದರೆ ಈ ಪ್ರಶ್ನೆಗೆ ಉತ್ತರ ಹೇಳಲು ಎಂಜಿನಿಯರ್ ಆಗಬೇಕಿಲ್ಲ. ಟೈರಿನ ಮೇಲಿರುವುದನ್ನು ಓದಲು, ಸ್ವಲ್ಪ ಗುಣಾಕಾರ ಮಾಡಲು ಬಂದರೆ ಅರ್ಧ ಕೆಲಸ ಮುಗಿಯಿತು. ಪೆನ್ನು, ಕಾಗದ ಹತ್ತಿರ ಇಟ್ಟುಕೊಳ್ಳಿ.

ಆ ಕಾರಿಗೆ ಕಂಪನಿ ಕೊಟ್ಟ ಟೈರು 225/45 ಆರ್ 17. ಮೊದಲನೆಯ 225 ಎಂದರೆ ಟೈರಿನ ಅಗಲ, ಮಿಲಿಮೀಟರಿನಲ್ಲಿ. ಎರಡನೆಯ 45 ಮಿಲಿಮೀಟರಲ್ಲ, ಶೇಕಡಾ. ಅಗಲದ ನೂರಕ್ಕೆ 45 ಪಾಲು ಟೈರಿನ ಪಕ್ಕದ ಗೋಡೆಯ ಎತ್ತರ, ಅಂದರೆ ಸುಮಾರು 101 ಮಿಲಿಮೀಟರು. ಆರ್ ಎಂದರೆ ರೇಡಿಯಲ್. ಕೊನೆಯ 17 ರಿಮ್ಮಿನ ವ್ಯಾಸ, ಇಂಚಿನಲ್ಲಿ. ಮಿಲಿಮೀಟರು, ಶೇಕಡಾ, ಇಂಚು, ಈ ಮೂರೂ ಒಂದೇ ಸಾಲಿನಲ್ಲಿ ಇರುವುದರಿಂದಲೇ ಜನ ಗೊಂದಲಕ್ಕೆ ಬೀಳುತ್ತಾರೆ.

ಈಗ ಇಡೀ ಚಕ್ರದ ಎತ್ತರ ಕಂಡುಹಿಡಿಯೋಣ. 17 ಇಂಚನ್ನು 25.4ರಿಂದ ಗುಣಿಸಿದರೆ 431.8 ಮಿಲಿಮೀಟರು. ಪಕ್ಕದ ಗೋಡೆ ಮೇಲೊಂದು, ಕೆಳಗೊಂದು, ಎರಡು ಸಲ ಬರುತ್ತದೆ. ಅದು 202.5. ಕೂಡಿದರೆ 634.3 ಮಿಲಿಮೀಟರು. ಇದನ್ನು ಒಂದು ಕಡೆ ಬರೆದಿಡಿ. ಟೈರು ಬದಲಿಸುವ ಲೆಕ್ಕವೆಲ್ಲ ಇಲ್ಲಿಂದಲೇ ಶುರುವಾಗಬೇಕು.

ಕಾರು ತಯಾರಿಸುವವರು ಈ ಸಂಖ್ಯೆಗೆ ಎಷ್ಟು ಬೆಲೆ ಕೊಡುತ್ತಾರೆ ನೋಡಿ. ಪೋರ್ಷೆ ಕಂಪನಿಯ 718 ಕೇಮನ್ ಕಾರಿಗೆ 18, 19, 20 ಇಂಚು, ಹೀಗೆ ಮೂರು ಬಗೆಯ ಚಕ್ರಗಳನ್ನು ಕಂಪನಿಯೇ ಕೊಟ್ಟಿದೆ. ಮುಂದಿನ ಟೈರು 18ಕ್ಕೆ 235/45, 19ಕ್ಕೆ 235/40, 20ಕ್ಕೆ 235/35. ಲೆಕ್ಕ ಹಾಕಿದರೆ ಎತ್ತರ ಕ್ರಮವಾಗಿ 668.7, 670.6, 672.5 ಮಿಲಿಮೀಟರು. ರಿಮ್ಮು ಎರಡು ಇಂಚು, ಅಂದರೆ 50 ಮಿಲಿಮೀಟರಿಗೂ ಮಿಗಿಲಾಗಿ ಬೆಳೆಯಿತು. ಇಡೀ ಚಕ್ರ ಬೆಳೆದದ್ದು ನಾಲ್ಕು ಮಿಲಿಮೀಟರಿಗಿಂತ ಕಡಿಮೆ. ರಿಮ್ಮು ದೊಡ್ಡದಾದಷ್ಟೂ ಪಕ್ಕದ ಗೋಡೆ ಗಿಡ್ಡವಾಗುತ್ತ ಬಂತು. ಹೊರಗಿನ ಸುತ್ತಳತೆ ಹೆಚ್ಚುಕಡಿಮೆ ಹಾಗೇ ಉಳಿಯಿತು. ಆಕ್ಟೇವಿಯಾ ಆರ್‌ಎಸ್‌ನದೂ ಇದೇ ಕಥೆ. ಯುರೋಪಿನಲ್ಲಿ ಇದೇ ಕಾರಿಗೆ 225/40 ಆರ್ 18, 225/35 ಆರ್ 19 ಟೈರುಗಳನ್ನೂ ಕೊಟ್ಟಿದ್ದಾರೆ. ಎತ್ತರ 637.2 ಮತ್ತು 640.1. ನಮ್ಮ 634.3ಕ್ಕೂ ಅದಕ್ಕೂ ಇರುವ ವ್ಯತ್ಯಾಸ ಶೇಕಡಾ ಒಂದರೊಳಗೆ.

ಈಗ ಪತ್ರದ ಕಾರಿಗೆ ಬರೋಣ. ಅದರಲ್ಲಿ ಈಗ ಇರುವುದು 235/40 ಆರ್ 19. ಎತ್ತರ 670.6 ಮಿಲಿಮೀಟರು. ಈ ಸಂಖ್ಯೆಯನ್ನು ಈಗ ತಾನೇ ಕೇಳಿದಿರಿ. ಪೋರ್ಷೆಯ ಮುಂದಿನ ಚಕ್ರದ ಅಳತೆ ಅದೇ! ಪೋರ್ಷೆಗೆ ಸರಿಯಾದ ಟೈರು ಆಕ್ಟೇವಿಯಾಕ್ಕೆ 36 ಮಿಲಿಮೀಟರು ದೊಡ್ಡದು, ಶೇಕಡಾ 5.7ರಷ್ಟು. ಅದರಲ್ಲಿ ಅರ್ಧ, 18 ಮಿಲಿಮೀಟರು, ಮೇಲಕ್ಕೆ ಮಡ್‌ಗಾರ್ಡಿನ ಕಡೆಗೆ ಬಂದು ಕೂತಿದೆ. ಜೊತೆಗೆ ಅಗಲವೂ 10 ಮಿಲಿಮೀಟರು ಹೆಚ್ಚು. ಟೈರಿನ ತಪ್ಪಲ್ಲ, ರಿಮ್ಮಿನ ತಪ್ಪೂ ಅಲ್ಲ. ಒಳ್ಳೆಯ ಟೈರು, ಕೆಟ್ಟ ಟೈರು ಎನ್ನುವುದಕ್ಕಿಂತ ಈ ಗೂಡಿಗೆ ಹೊಂದುವ ಟೈರು ಯಾವುದು ಎಂದು ಕೇಳಬೇಕು. 19 ಇಂಚಿನ ರಿಮ್ಮೇ ಇರಲಿ ಎನ್ನುವುದಾದರೆ 225/35 ಹಾಕಬೇಕಿತ್ತು. ಅಂಗಡಿಯಲ್ಲಿ 19 ಇಂಚು ಎಂದಷ್ಟೇ ಕೇಳಿದರೆ ಹೀಗಾಗುತ್ತದೆ.

ಹಾಗಾದರೆ ಎಷ್ಟು ವ್ಯತ್ಯಾಸ ನಡೆಯುತ್ತದೆ? ಮೂಲ ಎತ್ತರಕ್ಕಿಂತ ಶೇಕಡಾ ಎರಡು, ಹೆಚ್ಚೆಂದರೆ ಮೂರರೊಳಗೆ ಇರಲಿ ಎಂದು ಬಲ್ಲವರು ಹೇಳುತ್ತಾರೆ. ಉಜ್ಜುವುದೊಂದೇ ಇದಕ್ಕೆ ಕಾರಣವಲ್ಲ. ಚಕ್ರ ದೊಡ್ಡದಾದರೆ ಒಂದು ಸುತ್ತಿಗೆ ಕಾರು ಹೆಚ್ಚು ದೂರ ಹೋಗುತ್ತದೆ. ಮೀಟರಿಗೆ ಅದು ಗೊತ್ತಾಗುವುದಿಲ್ಲ. ಈ 5.7 ಶೇಕಡಾ ಲೆಕ್ಕದಲ್ಲಿ, ಮೊದಲು 100 ತೋರಿಸುತ್ತಿದ್ದ ವೇಗಕ್ಕೆ ಈಗ ಮೀಟರು ಸುಮಾರು 95 ತೋರಿಸುತ್ತದೆ. ಔಟರ್ ರಿಂಗ್ ರಸ್ತೆಯ ಕ್ಯಾಮೆರಾ ನಿಮ್ಮ ಮೀಟರನ್ನು ನೋಡುವುದಿಲ್ಲ, ಕಾರನ್ನು ನೋಡುತ್ತದೆ.

ಎತ್ತರದ ಲೆಕ್ಕ ಸರಿಬಂದರೂ ಕೆಲಸ ಮುಗಿಯಲಿಲ್ಲ. ಚಕ್ರ ಎಷ್ಟು ಒಳಗೆ, ಎಷ್ಟು ಹೊರಗೆ ಕೂರುತ್ತದೆ ಎನ್ನುವುದು ಇನ್ನೊಂದು ಲೆಕ್ಕ. ಇದಕ್ಕೆ ಆಫ್‌ಸೆಟ್ ಎನ್ನುತ್ತಾರೆ. ರಿಮ್ಮಿನ ಮೇಲೆ ಇಟಿ ಎಂಬ ಎರಡಕ್ಷರದ ಮುಂದೆ ಒಂದು ಸಂಖ್ಯೆ ಇರುತ್ತದೆ, ಉದಾಹರಣೆಗೆ ಇಟಿ 45. ರಿಮ್ಮಿನ ನಟ್ಟ ನಡುವಿನಿಂದ ಬೋಲ್ಟು ಬಿಗಿಯುವ ಜಾಗ 45 ಮಿಲಿಮೀಟರು ಹೊರಗಿದೆ ಎಂದು ಅದರ ಅರ್ಥ. ಸಂಖ್ಯೆ ಕಡಿಮೆಯಾದಷ್ಟೂ ಚಕ್ರ ಹೊರಕ್ಕೆ ಬರುತ್ತದೆ, ಹೆಚ್ಚಾದಷ್ಟೂ ಒಳಕ್ಕೆ ಹೋಗುತ್ತದೆ.

ಒಂದು ಉದಾಹರಣೆ. ನಿಮ್ಮ ರಿಮ್ಮು 7 ಇಂಚು ಅಗಲ, ಇಟಿ 45 ಇದೆ ಎನ್ನಿ. ಅಂಗಡಿಯವರು 8 ಇಂಚು ಅಗಲ, ಇಟಿ 35 ಇರುವ ಸುಂದರವಾದ ರಿಮ್ಮು ತೋರಿಸುತ್ತಾರೆ. ಒಂದು ಇಂಚು ತಾನೆ, ಹತ್ತು ಮಿಲಿಮೀಟರು ತಾನೆ ಅನ್ನಿಸುತ್ತದೆ. ಆದರೆ ಅಗಲದಲ್ಲಿ ಅರ್ಧ ಇಂಚು, ಅಂದರೆ 12.7 ಮಿಲಿಮೀಟರು ಹೊರಗೆ ಬಂತು. ಆಫ್‌ಸೆಟ್ಟಿನಿಂದ ಇನ್ನೊಂದು 10. ಒಟ್ಟು 22.7 ಮಿಲಿಮೀಟರು, ಹೆಚ್ಚುಕಡಿಮೆ ಒಂದು ಬೆರಳಿಗಿಂತ ಅಗಲ, ಚಕ್ರ ಮಡ್‌ಗಾರ್ಡಿನ ಅಂಚಿನತ್ತ ಸರಿಯಿತು. ಒಳಗಡೆ ಮಾತ್ರ 2.7 ಮಿಲಿಮೀಟರಷ್ಟೇ ಹೋಗಿದೆ. ಟೈರಿನ ಅಳತೆ ಬದಲಾಗದಿದ್ದರೂ ಉಜ್ಜಲು ಇಷ್ಟು ಸಾಕು. ಅನೇಕ ಕಡೆ ಜನ ಟೈರನ್ನು ಬೈಯುತ್ತಾರೆ, ತಪ್ಪು ಆಫ್‌ಸೆಟ್ಟಿನದಾಗಿರುತ್ತದೆ.

ಇನ್ನೊಂದು ಸೂಕ್ಷ್ಮ. ಎಲ್ಲ ಕಂಪನಿಯ 225 ಒಂದೇ ಅಲ್ಲ. ಒಬ್ಬರ ಟೈರಿನ ಭುಜ ದುಂಡಗೆ, ಇನ್ನೊಬ್ಬರದು ಚೌಕ. ರಿಮ್ಮನ್ನು ಕಲ್ಲಿನ ಏಟಿನಿಂದ ಕಾಪಾಡಲು ಕೆಲವು ಟೈರುಗಳ ಅಂಚಿನಲ್ಲಿ ರಬ್ಬರಿನ ದಿಂಡು ಇರುತ್ತದೆ. ಅದೇ ಟೈರನ್ನು ಅರ್ಧ ಇಂಚು ಅಗಲದ ರಿಮ್ಮಿಗೆ ಹಾಕಿದರೆ ಟೈರಿನ ಅಗಲವೂ ಸುಮಾರು 5 ಮಿಲಿಮೀಟರು ಹೆಚ್ಚುತ್ತದೆ. ಗೆಳೆಯನ ಕಾರಿಗೆ ಉಜ್ಜಲಿಲ್ಲ, ನನ್ನದಕ್ಕೂ ಉಜ್ಜುವುದಿಲ್ಲ ಎನ್ನುವ ಧೈರ್ಯ ಬೇಡ.

ಉಜ್ಜಿದರೆ ಏನಾಗುತ್ತದೆ? ಸದ್ದು ತಾನೆ, ರೇಡಿಯೋ ಜೋರು ಮಾಡಿದರಾಯಿತು ಎಂದು ನಗಬಹುದು. ರಸ್ತೆಗೆ ತಗಲುವ ಟೈರಿನ ಮೈ ದಪ್ಪ ರಬ್ಬರು. ಪಕ್ಕದ ಗೋಡೆ ಹಾಗಲ್ಲ. ತೆಳುವಾದ ರಬ್ಬರು, ಅದರ ಒಳಗೆ ದಾರದ ಪದರ. ಕಾರಿನ ಭಾರ ಹೊತ್ತಿರುವ ಗಾಳಿಯನ್ನು ಹಿಡಿದಿಟ್ಟಿರುವುದು ಆ ದಾರ. ಮಡ್‌ಗಾರ್ಡಿನ ತಗಡಿನ ಅಂಚು ಒಂದೇ ಜಾಗದಲ್ಲಿ ಸವೆಸುತ್ತ ಬಂದರೆ ಗೋಡೆಯ ಮೇಲೆ ಸುತ್ತಲೂ ಗೆರೆ ಬೀಳುತ್ತದೆ. ಗೆರೆ ಆಳವಾಗಿ ದಾರಕ್ಕೆ ತಲುಪಿದರೆ ಆ ಟೈರಿಗೆ ಪ್ಯಾಚ್ ಇಲ್ಲ, ರಿಪೇರಿ ಇಲ್ಲ. ಅದು ಒಡೆಯುವುದು ಮನೆ ಮುಂದೆ ನಿಂತಾಗಲ್ಲ. ಭಾರ ತುಂಬಿ, ಬಿಸಿಯೇರಿ, ವೇಗವಾಗಿ ಹೋಗುತ್ತಿರುವಾಗ ಒಡೆಯುತ್ತದೆ. ನಮ್ಮ ಔಟರ್ ರಿಂಗ್ ರಸ್ತೆ 158 ಕಿಲೋಮೀಟರು ಉದ್ದ. 2023ರಲ್ಲಿ ಅಲ್ಲಿಯ ವೇಗದ ಮಿತಿಯನ್ನು 100ರಿಂದ 120ಕ್ಕೆ ಏರಿಸಿದರು. ಆ ವೇಗದಲ್ಲಿ ಹಿಂದಿನ ಟೈರು ಒಡೆದರೆ ಕಾರನ್ನು ನೇರ ಹಿಡಿದಿಡುವುದು ನುರಿತ ಕೈಗೂ ಕಷ್ಟ. ಹಿಂದಿನ ಸೀಟಿನಲ್ಲಿ ಅಜ್ಜಿ, ಮಕ್ಕಳು ಕೂತಿರುತ್ತಾರೆ ಎನ್ನುವುದನ್ನು ಮರೆಯಬಾರದು. ಆ ಪತ್ರ ಬರೆದ ತಂದೆಯ ಆತಂಕ ಸುಮ್ಮನೆಯದಲ್ಲ.

ಹೊಸ ಟೈರು ಹಾಕಿಸಿದ ದಿನ ಅಂಗಡಿಯ ಮುಂದೆಯೇ ಮಾಡಬಹುದಾದ ಪರೀಕ್ಷೆ ಹೇಳುತ್ತೇನೆ. ಮುಂದಿನ ಚಕ್ರದ ಸ್ಟೇರಿಂಗನ್ನು ಎಡಕ್ಕೆ ಕೊನೆಯವರೆಗೆ, ಬಲಕ್ಕೆ ಕೊನೆಯವರೆಗೆ ತಿರುಗಿಸಿ. ಇಳಿದು ಟಾರ್ಚು ಹಿಡಿದು ಒಳಗೆ ನೋಡಿ. ಲೈನರು, ಶಾಕ್ ಅಬ್ಸಾರ್ಬರು, ಬ್ರೇಕಿನ ಪೈಪು, ಇವುಗಳಿಗೂ ಟೈರಿಗೂ ನಡುವೆ ಬೆರಳು ಆಡಬೇಕು. ಆಮೇಲೆ ಮಡ್‌ಗಾರ್ಡಿನ ಒಳ ಅಂಚಿಗೆ, ಲೈನರಿಗೆ ಸೀಮೆಸುಣ್ಣ ಬಳಿಯಿರಿ. ನಾಲ್ಕು ಜನರನ್ನು ಕೂರಿಸಿ, ಡಿಕ್ಕಿಯಲ್ಲಿ ಭಾರ ಇಟ್ಟು, ಹತ್ತಿರದ ಹಂಪಿನ ಮೇಲೆ ನಿಧಾನವಾಗಿ ಓರೆಯಾಗಿ ಹತ್ತಿಸಿ ಇಳಿಸಿ. ಓರೆಯಾಗಿ ಯಾಕೆಂದರೆ ಆಗ ಒಂದು ಚಕ್ರವೇ ಗೂಡಿನೊಳಗೆ ಪೂರ್ತಿ ಮೇಲೇರುತ್ತದೆ. ಬಂದು ನೋಡಿದಾಗ ಸೀಮೆಸುಣ್ಣ ಎಲ್ಲಿ ಅಳಿಸಿದೆಯೋ ಅಲ್ಲಿ ಉಜ್ಜಿದೆ ಎಂದರ್ಥ. ಖಾಲಿ ಕಾರನ್ನು ಸಮತಟ್ಟು ನೆಲದಲ್ಲಿ ನಿಲ್ಲಿಸಿ ‘ಸಾಕಷ್ಟು ಜಾಗ ಇದೆ ಸಾರ್’ ಎನ್ನುವುದು ಪರೀಕ್ಷೆಯಲ್ಲ. ಸ್ಪ್ರಿಂಗು ಕತ್ತರಿಸಿ ಅಥವಾ ಬದಲಿಸಿ ಕಾರು ತಗ್ಗಿಸಿದವರಂತೂ ಈ ಪರೀಕ್ಷೆಯನ್ನು ಬಿಡಲೇಬಾರದು. ಕಾರು ತಗ್ಗಿದಷ್ಟೂ ಮೇಲಿನ ಜಾಗ ಮೊದಲೇ ಖರ್ಚಾಗಿರುತ್ತದೆ.

ಉಜ್ಜುತ್ತಿದೆ ಎಂದು ಗೊತ್ತಾದ ಮೇಲೆ ಮೆಕ್ಯಾನಿಕ್ಕುಗಳು ಹೇಳುವ ಉಪಾಯಗಳು ನಾಲ್ಕೈದು. ಮಡ್‌ಗಾರ್ಡಿನ ಒಳ ಅಂಚನ್ನು ರೋಲರಿನಿಂದ ಮಡಚುವುದು ಒಂದು. ಎರಡು ಮೂರು ಮಿಲಿಮೀಟರಿನ ತಕರಾರಿಗೆ ಇದು ನಡೆದೀತು. ಆದರೆ ಬಣ್ಣ ಬಿರುಕು ಬಿಟ್ಟು ಮಳೆಗಾಲದಲ್ಲಿ ತುಕ್ಕು ಹಿಡಿಯುತ್ತದೆ, 18 ಮಿಲಿಮೀಟರಿಗಂತೂ ಇದು ಉತ್ತರವೇ ಅಲ್ಲ. ಒಳಗೆ ಶಾಕ್ ಅಬ್ಸಾರ್ಬರಿಗೆ ತಗಲುತ್ತಿದ್ದರೆ ಸ್ಪೇಸರ್ ಎಂಬ ಬಿಲ್ಲೆ ಇಟ್ಟು ಚಕ್ರವನ್ನು ಹೊರಕ್ಕೆ ತಳ್ಳುತ್ತಾರೆ. ಒಳಗಿನ ಜಗಳ ಹೊರಗೆ ಬಂತು, ಅಷ್ಟೆ. ಅಗ್ಗದ ಬಿಲ್ಲೆ, ಗಿಡ್ಡ ಬೋಲ್ಟು ಸೇರಿದರೆ ಅಪಾಯ ಬೇರೆ. ಅಗಲ ರಿಮ್ಮಿಗೆ ಕಿರಿದಾದ ಟೈರನ್ನು ಎಳೆದು ಕೂರಿಸುವ ಫ್ಯಾಷನ್ನೂ ಇದೆ. ಹಾಗೆ ಎಳೆದ ಟೈರು ಗುಂಡಿಯಲ್ಲಿ ರಿಮ್ಮಿನಿಂದ ಜಾರಬಹುದು. ಗಾಳಿ ಹೆಚ್ಚು ತುಂಬಿಸಿ ನೋಡಿ ಎನ್ನುವವರೂ ಇದ್ದಾರೆ. ಗಾಳಿಯಿಂದ ಚಕ್ರದ ಅಳತೆ ಕಡಿಮೆಯಾಗುವುದಿಲ್ಲ. ಸರಿಯಾದ ಮದ್ದು ಒಂದೇ, ಸರಿಯಾದ ಅಳತೆಯ ಟೈರು ಮತ್ತು ರಿಮ್ಮು.

ಟೈರು ಕೊಳ್ಳುವಾಗ ಅಳತೆಯ ಪಕ್ಕದಲ್ಲಿರುವ ಇನ್ನೊಂದು ಸಂಖ್ಯೆ ಮತ್ತು ಅಕ್ಷರವನ್ನೂ ಓದಿ. 91 ಡಬ್ಲ್ಯೂ ಎಂದಿದ್ದರೆ, 91 ಎಂಬುದು ಒಂದು ಟೈರು 615 ಕಿಲೋ ಹೊರಬಲ್ಲದು ಎನ್ನುವುದರ ಸಂಕೇತ. 94 ಎಂದರೆ 670 ಕಿಲೋ. ಡಬ್ಲ್ಯೂ ಎಂದರೆ ಗಂಟೆಗೆ 270 ಕಿಲೋಮೀಟರಿನವರೆಗೆ ತಾಳಬಲ್ಲದು. ಎಚ್ ಎಂದರೆ 210, ವಿ ಎಂದರೆ 240. ಅಷ್ಟು ವೇಗದಲ್ಲಿ ಯಾರು ಹೋಗುತ್ತಾರೆ ಎನ್ನಬೇಡಿ. ಬಿಸಿಯನ್ನು ತಾಳುವ ಶಕ್ತಿಯ ಗುರುತು ಅದು. ಕಂಪನಿ ಸೂಚಿಸಿದ್ದಕ್ಕಿಂತ ಕಡಿಮೆಯದನ್ನು ಹಾಕಿಸಬೇಡಿ. ತಯಾರಾದ ದಿನವೂ ಅಲ್ಲೇ ಇರುತ್ತದೆ. ನಾಲ್ಕು ಅಂಕಿಗಳಲ್ಲಿ 2324 ಎಂದಿದ್ದರೆ 2024ನೇ ಇಸವಿಯ 23ನೇ ವಾರ. ಐಎಸ್‌ಐ ಗುರುತು ಇದೆಯೇ ಎಂದೂ ನೋಡಿ.

ಟೈರು ಮಾಡುವವರು ನಮಗೆ ದೂರದವರೇನಲ್ಲ. ಬೀದರಿನ ದಾರಿಯಲ್ಲಿ ಸದಾಶಿವಪೇಟೆಯ ಬಳಿ ಎಂಆರ್‌ಎಫ್ ಕಾರ್ಖಾನೆ ಇದೆ. ಮೈಸೂರಿನ ವಿಕ್ರಾಂತ್ ಟೈರಿನ ಹೆಸರು ಕೇಳದ ಕನ್ನಡಿಗರು ಕಡಿಮೆ, 1997ರಲ್ಲಿ ಅದು ಜೆಕೆ ಟೈರಿನವರ ಕೈಸೇರಿತು. ಇಂಥ ಕಾರ್ಖಾನೆಗಳಿಂದ ಹೊರಬರುವ ಪ್ರತಿ ಟೈರಿನ ಪಕ್ಕದಲ್ಲೂ ಅದರ ಜಾತಕ ಅಚ್ಚಾಗಿರುತ್ತದೆ. ನಾವು ಓದುವುದಿಲ್ಲ, ಅಷ್ಟೆ.

ಕಾನೂನಿನ ಮಾತನ್ನೂ ಹೇಳಿಬಿಡಬೇಕು. ಮೋಟಾರು ವಾಹನ ಕಾಯ್ದೆಯ 52ನೇ ಕಲಮು ವಾಹನದ ಮಾರ್ಪಾಡಿಗೆ ಸಂಬಂಧಿಸಿದ್ದು. ತಯಾರಕರು ಮೂಲದಲ್ಲಿ ನಿಗದಿ ಮಾಡಿದ, ಆರ್‌ಸಿಯಲ್ಲಿ ನಮೂದಾದ ವಿವರಗಳಿಗೆ ಭಿನ್ನವಾಗುವಂತೆ ವಾಹನವನ್ನು ಬದಲಿಸುವಂತಿಲ್ಲ ಎಂದು ಸುಪ್ರೀಂ ಕೋರ್ಟು 2019ರ ಜನವರಿಯಲ್ಲಿ ತೀರ್ಪು ಕೊಟ್ಟಿದೆ. ಮಡ್‌ಗಾರ್ಡು ಕತ್ತರಿಸಿ, ಚಕ್ರ ಹೊರಗೆ ಚಾಚಿಸಿಕೊಂಡು ಓಡಾಡುವವರು ಇದನ್ನು ತಿಳಿದಿರಬೇಕು. ಅಪಘಾತವಾದರೆ ವಿಮೆಯವರು ಕೇಳುವ ಮೊದಲ ಪ್ರಶ್ನೆಗಳಲ್ಲಿ ಇದೂ ಒಂದಾಗಬಹುದು. ಟೈರಿನ ಗೀರು 1.6 ಮಿಲಿಮೀಟರಿಗಿಂತ ಸವೆದಿರಬಾರದು ಎನ್ನುವುದೂ ನಿಯಮವೇ.

ಇಷ್ಟೆಲ್ಲ ಲೆಕ್ಕ ಸರಿಮಾಡಿದ ಮೇಲೂ ದೊಡ್ಡ ರಿಮ್ಮು ನಮ್ಮ ರಸ್ತೆಗೆ ಬೇಕೇ ಎಂದು ಒಮ್ಮೆ ಯೋಚಿಸಿ. ಆಕ್ಟೇವಿಯಾದ 17 ಇಂಚಿನ ಚಕ್ರದಲ್ಲಿ ಪಕ್ಕದ ಗೋಡೆ 101 ಮಿಲಿಮೀಟರು. 18ರಲ್ಲಿ 90, 19ರಲ್ಲಿ 79. ಮಳೆ ಬಂದು ನೀರು ನಿಂತ ಗುಂಡಿಯಲ್ಲಿ ಚಕ್ರ ಇಳಿದಾಗ ಏಟನ್ನು ನುಂಗುವುದು ಈ ಗೋಡೆಯೇ. ಅದು ಗಿಡ್ಡವಾದಷ್ಟೂ ಏಟು ರಿಮ್ಮಿಗೆ, ಟೈರಿನ ದಾರಕ್ಕೆ, ಕೊನೆಗೆ ನಮ್ಮ ಸೊಂಟಕ್ಕೆ. ಪಕ್ಕದಲ್ಲಿ ಗುಳ್ಳೆಯಂತೆ ಉಬ್ಬು ಬಂದರೆ ಒಳಗೆ ದಾರ ತುಂಡಾಗಿದೆ ಎಂದೇ ತಿಳಿಯಿರಿ. ಅಂಥ ಟೈರನ್ನು ಆ ದಿನವೇ ಬಿಚ್ಚಿಸಬೇಕು. ಹಾಗಾಗಿ ಕುಕಟ್‌ಪಲ್ಲಿಯ ಹಿರಿಯರಿಗೆ ನನ್ನ ಸಲಹೆ, ಹಿಂದಿನ ಎರಡೂ ಟೈರಿನ ಒಳಗೋಡೆ ಹೊರಗೋಡೆಗಳನ್ನು ಇವತ್ತೇ ಪರೀಕ್ಷೆ ಮಾಡಿಸಿ. ಗೆರೆ ಬಿದ್ದಿದ್ದರೆ ಆ ಟೈರಿನಲ್ಲಿ ಊರಿಗೆ ಹೊರಡಬೇಡಿ. ಸಾಧ್ಯವಾದರೆ ಕಂಪನಿಯ 17 ಇಂಚಿಗೆ ಮರಳಿ. ಕಾರಿನ 230 ಅಶ್ವಶಕ್ತಿ ಅದರಿಂದ ಒಂದೂ ಕಡಿಮೆಯಾಗುವುದಿಲ್ಲ ಎಂದು ಮಗನಿಗೆ ಹೇಳಿ.

ಉಳಿದವರು ರಾಣಿಗಂಜಿನ ಅಂಗಡಿಗಳಿಗೋ ನಿಮ್ಮ ಬಡಾವಣೆಯ ಟೈರಿನವರಲ್ಲಿಗೋ ಹೋಗುವ ಮುನ್ನ ಒಂದು ಚೀಟಿ ಬರೆದುಕೊಳ್ಳಿ. ಡ್ರೈವರ್ ಬಾಗಿಲಿನ ಪಕ್ಕದ ಕಂಬದಲ್ಲೋ ಪೆಟ್ರೋಲ್ ಮುಚ್ಚಳದ ಒಳಗೋ ಅಂಟಿಸಿರುವ ಕಂಪನಿಯ ಅಳತೆ, ಅದರ ಒಟ್ಟು ಎತ್ತರ, ರಿಮ್ಮಿನ ಅಗಲ, ಇಟಿ ಸಂಖ್ಯೆ, ಭಾರದ ಸಂಖ್ಯೆ, ವೇಗದ ಅಕ್ಷರ. ಆರೇ ಆರು ವಿವರ. ಚೀಟಿ ಕೈಯಲ್ಲಿದ್ದರೆ ಅಂಗಡಿಯವರು ತೆಲುಗಿನಲ್ಲಿ ಮಾತಾಡಲಿ, ದಖ್ಖನಿ ಉರ್ದುವಿನಲ್ಲಿ ಮಾತಾಡಲಿ, ಸಂಖ್ಯೆಗಳು ಎಲ್ಲರಿಗೂ ಒಂದೇ.